ಆಲ್ಕಲಾಯ್ಡ್ ಬಳ್ಳಿಯದೋ, ಎಲೆಯ ಮೇಲಿನ ಶಿಲೀಂಧ್ರದ್ದೋ: ಓಲೋಲಿಯುಕಿ ಕುಟುಂಬದ ಒಂದು ಪ್ರಕರಣ ಅಧ್ಯಯನ

ಔಷಧೀಯ ಸಸ್ಯದ ಎಲೆಯನ್ನೋ ಬೀಜವನ್ನೋ ಅರೆದು, ಸೋಸಿ, ಅದರಿಂದ ಆಲ್ಕಲಾಯ್ಡ್‌ನಂಥ, ಅಂದರೆ ಮೈಮನಸ್ಸಿನ ಮೇಲೆ ಪ್ರಬಲ ಪರಿಣಾಮ ಬೀರುವ ಸಾರಜನಕಯುಕ್ತ, ರಾಸಾಯನಿಕವೊಂದನ್ನು ಬೇರ್ಪಡಿಸಿದಾಗ ಅದನ್ನು ತಯಾರಿಸಿದ್ದು ಆ ಸಸ್ಯವೇ ಎಂದು ನಂಬುವುದು ವಾಡಿಕೆ. ಎಲೆಯ ಒಳಗೂ ಮೇಲೂ ಕಣ್ಣಿಗೆ ಬೀಳದ ಶಿಲೀಂಧ್ರಗಳು ನೆಲೆಸಿರುತ್ತವೆ ಎಂಬುದು ಸಸ್ಯವಿಜ್ಞಾನಿಗಳಿಗೆ ಬಹುಕಾಲದಿಂದ ಗೊತ್ತಿದೆ. ಆದರೂ ಅರೆದ ಮುದ್ದೆಯಲ್ಲಿ ಸಸ್ಯದ ಪಾಲೆಷ್ಟು, ಶಿಲೀಂಧ್ರದ ಪಾಲೆಷ್ಟು ಎಂದು ವಿಂಗಡಿಸಿ ನೋಡಿದ ಉದಾಹರಣೆಗಳು ಕಡಿಮೆ. ಹಾಗೆ ವಿಂಗಡಿಸಿ, ಸಂದೇಹಕ್ಕೆ ಎಡೆಯಿಲ್ಲದಂತೆ ಸಾಧಿಸಿ ತೋರಿಸಿದವು ಇನ್ನೂ ಕಡಿಮೆ. ಅಂಥ ಒಂದು ಪ್ರಕರಣವನ್ನು ಇಲ್ಲಿ ಮೊದಲಿಂದ ಪರಿಶೀಲಿಸಲಾಗಿದೆ. ಮೆಕ್ಸಿಕೋದ ಮೂಲನಿವಾಸಿಗಳು ಮದ್ದಾಗಿಯೂ ದೇವಕಾರ್ಯಕ್ಕೂ ಬಳಸುತ್ತಿದ್ದ ಓಲೋಲಿಯುಕಿ ಎಂಬ ಬಳ್ಳಿಯ ಬೀಜದಿಂದ ಆರಂಭವಾದ ಇದು, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಔಷಧ ಪ್ರಯೋಗಾಲಯವನ್ನು ಹಾದು, ನಾಲ್ಕು ದಶಕಗಳಿಗೂ ಮೀರಿದ ಅವಧಿಯ ನಂತರ ಜರ್ಮನಿಯ ಬಾನ್ ವಿಶ್ವವಿದ್ಯಾಲಯದಲ್ಲಿ ಇತ್ಯರ್ಥವಾಯಿತು. ಈ ಬಳ್ಳಿ ನಮ್ಮ ಗೆಣಸಿನ ಕುಟುಂಬಕ್ಕೆ, ಅಂದರೆ ಕನ್ವಾಲ್ವುಲೇಸೀಗೆ ಸೇರಿದ್ದು. ಅದರ ಬಂಧುಗಳು ಕರ್ನಾಟಕದ ಬೇಲಿಗಳಲ್ಲಿ, ಕೆರೆಯಂಚುಗಳಲ್ಲಿ, ಆಯುರ್ವೇದದ ಔಷಧಿವನಗಳಲ್ಲಿ ಇರುವುದರಿಂದ ಪ್ರಕರಣದ ಕೊನೆಯ ಭಾಗ ನಮಗೂ ನೇರವಾಗಿ ತಟ್ಟುತ್ತದೆ.

ಬೀಜದ ಹಿನ್ನೆಲೆ

ಸ್ಪೇನಿನ ದೊರೆ ಎರಡನೆಯ ಫಿಲಿಪನ ಅಪ್ಪಣೆಯಂತೆ 1570ರ ದಶಕದಲ್ಲಿ ಮೆಕ್ಸಿಕೋದ ಸಸ್ಯಗಳನ್ನು ದಾಖಲಿಸಿದ ವೈದ್ಯ ಫ್ರಾನ್ಸಿಸ್ಕೋ ಎರ್ನಾಂಡೆಸ್, ಹೃದಯದಾಕಾರದ ಎಲೆಗಳುಳ್ಳ ಓಲೋಲಿಯುಕಿ ಬಳ್ಳಿಯ ಔಷಧೀಯ ಗುಣಗಳನ್ನು ವಿವರಿಸಿದ್ದಲ್ಲದೆ, ದೇವತೆಗಳೊಡನೆ ಸಂಭಾಷಿಸಬೇಕಾದಾಗ ಪುರೋಹಿತರು ಇದನ್ನು ಸೇವಿಸುತ್ತಿದ್ದರೆಂದೂ ಬರೆದಿದ್ದಾನೆ. ಇಷ್ಟು ಸ್ಪಷ್ಟ ವಿವರಣೆ ಇದ್ದರೂ 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಸಸ್ಯವಿಜ್ಞಾನಿ ವಿಲಿಯಂ ಸ್ಯಾಫರ್ಡ್, ಓಲೋಲಿಯುಕಿ ಎಂದರೆ ದತ್ತೂರದ ಯಾವುದೋ ಪ್ರಭೇದವಾಗಿರಬೇಕೆಂದು ವಾದಿಸಿದರು. ಗೆಣಸಿನ ಕುಟುಂಬದಲ್ಲಿ ಮನಸ್ಸಿನ ಮೇಲೆ ಪ್ರಭಾವ ಬೀರುವ ವಸ್ತು ಯಾವುದೂ ಆಗ ತಿಳಿದಿರಲಿಲ್ಲ ಎಂಬುದು ಆ ವಾದದ ಒಂದು ಆಧಾರ. ಹಾರ್ವರ್ಡ್‌ನ ರಿಚರ್ಡ್ ಇವಾನ್ಸ್ ಷುಲ್ಟೆಸ್ ಓಹಾಕಾ ಪ್ರಾಂತ್ಯದಲ್ಲಿ ಬಳ್ಳಿಯನ್ನು ಖುದ್ದಾಗಿ ಸಂಗ್ರಹಿಸಿ, 1941ರ ಪ್ರಕಟಣೆಯಲ್ಲಿ ಅದನ್ನು ರೀವಿಯಾ ಕೋರಿಂಬೋಸಾ ಎಂದು ಗುರುತಿಸಿದ ಮೇಲೆ ಆ ವಿವಾದ ತಣ್ಣಗಾಯಿತು. ಈ ಬಳ್ಳಿಗೆ ಮುಂದೆ ಟರ್ಬಿನಾ ಕೋರಿಂಬೋಸಾ ಎಂಬ ಹೆಸರು ಬಂದಿತು. ಈಗಿನ ವರ್ಗೀಕರಣಕಾರರಲ್ಲಿ ಹಲವರು ಅದನ್ನು ಐಪೋಮಿಯಾ ಕುಲಕ್ಕೇ ಸೇರಿಸುತ್ತಾರೆ.

ಹೀಗೆ ಗಿಡದ ಗುರುತು ಖಚಿತವಾಯಿತಾದರೂ ಅದರ ರಾಸಾಯನಿಕ ಯಾವುದೆಂಬ ಪ್ರಶ್ನೆ ಉಳಿಯಿತು. ಆ ಪ್ರಶ್ನೆ ಬಾಸೆಲ್‌ನ ಸ್ಯಾಂಡೋಜ್ ಕಂಪನಿಯಲ್ಲಿದ್ದ ಆಲ್ಬರ್ಟ್ ಹಾಫ್‌ಮನ್ ಅವರ ಮೇಜಿಗೆ ಬಂದದ್ದು 1959ರಲ್ಲಿ, ಮೆಕ್ಸಿಕೋದ ಅಣಬೆಗಳ ಬಗ್ಗೆ ಕೆಲಸ ಮಾಡುತ್ತಿದ್ದ ಗಾರ್ಡನ್ ವಾಸನ್ ಮೂಲಕ ಬೀಜಗಳು ಅವರಿಗೆ ತಲುಪಿದಾಗ. ಮುಂದಿನ ತಿರುವು ಅರ್ಥವಾಗಬೇಕಾದರೆ ಹಾಫ್‌ಮನ್ ಅದುವರೆಗೆ ಯಾವ ವಸ್ತುಗಳ ಜೊತೆ ಕೆಲಸ ಮಾಡುತ್ತಿದ್ದರು ಎಂಬುದನ್ನು ತಿಳಿಯಬೇಕು. ಯುರೋಪಿನ ರೈ ಧಾನ್ಯದ ತೆನೆಯಲ್ಲಿ ಕ್ಲಾವಿಸೆಪ್ಸ್ ಪರ್ಪ್ಯೂರಿಯಾ ಎಂಬ ಶಿಲೀಂಧ್ರ ಕಾಳಿನ ಜಾಗದಲ್ಲಿ ಕಪ್ಪು ಕೊಂಬಿನಂಥ ಗಂಟುಗಳನ್ನು ಬೆಳೆಸುತ್ತದೆ. ಅದೇ ಎರ್ಗಟ್. ಆ ಗಂಟು ಬೆರೆತ ಹಿಟ್ಟಿನ ರೊಟ್ಟಿ ತಿಂದವರ ಕೈಕಾಲುಗಳು ಕೊಳೆತು ಉದುರಿದ ಚರಿತ್ರೆ ಮಧ್ಯಯುಗದ ಯುರೋಪಿನಲ್ಲಿ ಉದ್ದಕ್ಕೂ ಇದೆ. ಅದೇ ಗಂಟಿನಿಂದ ಸ್ಯಾಂಡೋಜ್‌ನ ಆರ್ಥರ್ ಸ್ಟೋಲ್ 1918ರಲ್ಲಿ ಎರ್ಗೋಟಮೀನನ್ನು ಬೇರ್ಪಡಿಸಿದರು. ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯುವ ಎರ್ಗೋಮೆಟ್ರಿನ್ 1935ರಲ್ಲಿ ದೊರೆಯಿತು. ಹಾಫ್‌ಮನ್ 1938ರಲ್ಲಿ ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ವಸ್ತುವನ್ನು ತಯಾರಿಸಿದ್ದು ಎರ್ಗಟ್ ಆಲ್ಕಲಾಯ್ಡ್‌ಗಳ ಮೂಲಘಟಕವಾದ ಲೈಸರ್ಜಿಕ್ ಆಮ್ಲದಿಂದಲೇ. ಉತ್ತರ ಕರ್ನಾಟಕದ ರೈತರಿಗೂ ಈ ಶಿಲೀಂಧ್ರದ ಬಳಗ ಹೊಸದಲ್ಲ. ಸಜ್ಜೆ ತೆನೆಯಿಂದ ಜೇನಿನಂಥ ಅಂಟು ಸೋರಿ, ಆಮೇಲೆ ಕಾಳಿನ ಬದಲು ಕಪ್ಪು ಗಂಟು ಕಟ್ಟುವ ರೋಗಕ್ಕೆ ಕಾರಣ ಕ್ಲಾವಿಸೆಪ್ಸ್ ಕುಲದ್ದೇ ಇನ್ನೊಂದು ಪ್ರಭೇದ.

ಓಲೋಲಿಯುಕಿ ಬೀಜಗಳನ್ನು ವಿಶ್ಲೇಷಿಸಿದ ಹಾಫ್‌ಮನ್‌ಗೆ ಸಿಕ್ಕಿದ್ದು ಲೈಸರ್ಜಿಕ್ ಆಮ್ಲದ ಅಮೈಡ್ ಮತ್ತು ಅದರ ಹತ್ತಿರದ ವಸ್ತುಗಳು, ಅಂದರೆ ಅವರು ಎರ್ಗಟ್‌ನಿಂದ ವರ್ಷಗಟ್ಟಲೆ ಬೇರ್ಪಡಿಸುತ್ತಿದ್ದ ಗುಂಪಿನ ಆಲ್ಕಲಾಯ್ಡ್‌ಗಳೇ. ಅಲ್ಲಿಯವರೆಗೆ ಶಿಲೀಂಧ್ರಗಳಲ್ಲಷ್ಟೇ ಕಂಡಿದ್ದ ವಸ್ತು ಹೂಬಿಡುವ ಬಳ್ಳಿಯ ಬೀಜದಲ್ಲಿ ಇರುವುದೆಂದರೆ ಆ ಕಾಲದ ರಸಾಯನಶಾಸ್ತ್ರಜ್ಞರಿಗೆ ನಂಬಲು ಕಷ್ಟವಾಯಿತು. 1960ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ನೈಸರ್ಗಿಕ ವಸ್ತುಗಳ ರಸಾಯನಶಾಸ್ತ್ರ ಸಮ್ಮೇಳನದಲ್ಲಿ ಅವರು ಈ ಫಲಿತಾಂಶ ಮಂಡಿಸಿದಾಗ, ಎರ್ಗಟ್ ಮೇಲೆ ಇಷ್ಟೊಂದು ಕೆಲಸ ನಡೆದಿರುವ ಪ್ರಯೋಗಾಲಯದಲ್ಲಿ ಅದರ ಅಂಶ ಮಾದರಿಗೆ ಬೆರೆತಿರಬಹುದು ಎಂಬ ಅನುಮಾನ ಚರ್ಚೆಯಲ್ಲಿ ಎದ್ದಿತು. ಬೇರೆ ಪ್ರಯೋಗಾಲಯಗಳು ಬೇರೆ ಬೀಜಗಳಲ್ಲೂ ಅವೇ ವಸ್ತುಗಳನ್ನು ಕಂಡ ನಂತರ ಆ ಅನುಮಾನ ಬಿದ್ದುಹೋಯಿತು. ಮೆಕ್ಸಿಕೋದ ಸಪೋಟೆಕ್ ಜನ ಬಳಸುವ ಕಪ್ಪು ಬೀಜದ ಐಪೋಮಿಯಾ, ಅಂದರೆ ನಮ್ಮ ಮನೆಗಳ ಮುಂದೆ ಅಲಂಕಾರಕ್ಕೆ ಹಬ್ಬಿಸುವ ನೀಲಿ ಮಾರ್ನಿಂಗ್ ಗ್ಲೋರಿಯ ಬಳಗದಲ್ಲೂ ಅವು ಇದ್ದವು. 1965ರಲ್ಲಿ ಉಷ್ಣವಲಯದ ವುಡ್‌ರೋಸ್ ಬಳ್ಳಿಗಳ ಬೀಜದಲ್ಲೂ ವರದಿಯಾದವು.

ಸಮ್ಮೇಳನದ ಆ ಅನುಮಾನವನ್ನು ಕೇವಲ ಹಟಮಾರಿತನವೆಂದು ತಳ್ಳಿಹಾಕುವುದು ನ್ಯಾಯವಲ್ಲ ಎಂದು ನನಗೆ ಅನ್ನಿಸುತ್ತದೆ. ಹಾಫ್‌ಮನ್ ಅವರ ವಿಶ್ಲೇಷಣೆ ಸರಿಯಾಗಿತ್ತು, ಬೀಜದಲ್ಲಿ ಆಲ್ಕಲಾಯ್ಡ್ ನಿಜಕ್ಕೂ ಇತ್ತು. ಆದರೆ ಈ ವಸ್ತು ಶಿಲೀಂಧ್ರದ್ದಲ್ಲವೇ ಎಂದು ಕೇಳಿದವರ ಪ್ರಶ್ನೆಯಲ್ಲೂ ಹುರುಳಿತ್ತು. ಶಿಲೀಂಧ್ರ ಬಾಸೆಲ್‌ನ ಗಾಜಿನ ಪಾತ್ರೆಯಲ್ಲಿರಲಿಲ್ಲ, ಅಷ್ಟೆ.

ನಾಲ್ಕು ದಶಕಗಳ ಒಪ್ಪಂದ

ಮಾಲಿನ್ಯದ ಮಾತು ಬಿದ್ದುಹೋದ ಮೇಲೆ ವಿಜ್ಞಾನ ಇನ್ನೊಂದು ತುದಿಗೆ ಸರಿಯಿತು. ಗೆಣಸಿನ ಕುಟುಂಬದ ಕೆಲವು ಸಸ್ಯಗಳಿಗೆ ಎರ್ಗಟ್ ಆಲ್ಕಲಾಯ್ಡ್ ತಯಾರಿಸುವ ಸಾಮರ್ಥ್ಯ ಸ್ವತಂತ್ರವಾಗಿ ಬಂದಿದೆ ಎಂಬ ಅಭಿಪ್ರಾಯ ಪಠ್ಯಪುಸ್ತಕಗಳಲ್ಲಿ ನೆಲೆಯಾಯಿತು. ಅದಕ್ಕೆ ಪೂರಕವಾದ ಪ್ರಯೋಗವೂ ಇತ್ತು. 1960ರ ದಶಕದಲ್ಲಿ ಜರ್ಮನಿಯ ಸಂಶೋಧಕರು ವಿಕಿರಣದ ಗುರುತು ಹಚ್ಚಿದ ಪೂರ್ವವಸ್ತುಗಳನ್ನು ಐಪೋಮಿಯಾ ಗಿಡಕ್ಕೆ ಉಣಿಸಿದಾಗ ಗುರುತು ಆಲ್ಕಲಾಯ್ಡ್‌ನಲ್ಲಿ ಪತ್ತೆಯಾಯಿತು. ಆಲ್ಕಲಾಯ್ಡ್ ತಯಾರಾಗುವುದು ಗಿಡದಲ್ಲೇ ಎಂಬುದಕ್ಕೆ ಇದು ಸಾಕ್ಷಿಯಾಯಿತು. ಗಿಡದಲ್ಲಿ ಎಂಬುದಕ್ಕೂ ಗಿಡದಿಂದ ಎಂಬುದಕ್ಕೂ ಇರುವ ಅಂತರವನ್ನು ಈ ಪ್ರಯೋಗ ಅಳೆಯಲಾರದು, ಏಕೆಂದರೆ ಉಣಿಸಿದ ವಸ್ತು ಗಿಡದ ಮೈಯಲ್ಲಿ ವಾಸಿಸುವ ಮತ್ತೊಂದು ಜೀವಿಗೂ ತಲುಪಬಹುದು. ಆದರೆ ಗಿಡ ನೋಡಲು ಆರೋಗ್ಯವಾಗಿತ್ತು, ಎಲೆಯಲ್ಲಿ ರೋಗದ ಚುಕ್ಕೆಯಿರಲಿಲ್ಲ, ಬೀಜದಲ್ಲಿ ಕಪ್ಪು ಗಂಟಿರಲಿಲ್ಲ. ಶಿಲೀಂಧ್ರವೆಂದರೆ ರೋಗ ಎಂಬ ಗ್ರಹಿಕೆಯಲ್ಲಿ ಬೆಳೆದವರಿಗೆ ಬೇರೆ ಜೀವಿಯನ್ನು ಹುಡುಕುವ ಕಾರಣವೇ ಕಾಣಲಿಲ್ಲ.

ಆದರೂ ಒಂದು ವಿಷಯ ತಜ್ಞರನ್ನು ಕಾಡುತ್ತಲೇ ಇತ್ತು. ಈ ಆಲ್ಕಲಾಯ್ಡ್‌ಗಳ ರಚನೆ ಸರಳವಲ್ಲ. ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲಕ್ಕೆ ಐದು ಇಂಗಾಲದ ತುಣುಕೊಂದನ್ನು ಜೋಡಿಸುವುದರಿಂದ ಹಿಡಿದು ಹಲವು ಹಂತಗಳು, ಹಂತಕ್ಕೊಂದು ಕಿಣ್ವ. ಅಂಥ ದೀರ್ಘ ಸರಣಿ ಎರ್ಗಟ್ ಸೇರಿರುವ ಕ್ಲಾವಿಸಿಪಿಟೇಸೀ ಕುಟುಂಬದ ಶಿಲೀಂಧ್ರಗಳಲ್ಲಿ ಒಮ್ಮೆ, ಅದಕ್ಕೆ ಯಾವ ನಂಟೂ ಇಲ್ಲದ ಒಂದು ಸಸ್ಯ ಕುಟುಂಬದ ಕೆಲವೇ ಪ್ರಭೇದಗಳಲ್ಲಿ ಇನ್ನೊಮ್ಮೆ ಹುಟ್ಟಿಕೊಂಡಿತೆಂದರೆ ಅದು ಅಸಂಭವಕ್ಕೆ ಹತ್ತಿರ. 1994ರಲ್ಲಿ ಐಪೋಮಿಯಾ ಪ್ಯುರಾನಾ ಎಂಬ ಬಳ್ಳಿಯಲ್ಲಿ ಎರ್ಗೋಬಾಲನ್ಸೀನ್ ಎಂಬ ಆಲ್ಕಲಾಯ್ಡ್ ಪತ್ತೆಯಾದಾಗ ಈ ಒಗಟು ಇನ್ನಷ್ಟು ಬಿಗಿಯಾಯಿತು. ಆ ವಸ್ತು ಅದಕ್ಕೆ ಮೊದಲು ಗೊತ್ತಿದ್ದದ್ದು ಬಾಲನ್ಸಿಯಾ ಕುಲದ ಶಿಲೀಂಧ್ರದಲ್ಲಿ, ಮತ್ತು ಬಾಲನ್ಸಿಯಾ ಬೆಳೆಯುವುದು ಹುಲ್ಲುಗಳ ಮೇಲೆ. ಹುಲ್ಲುಗಳ ಸಂಗತಿ ಆ ವೇಳೆಗೆ ಚೆನ್ನಾಗಿ ತಿಳಿದಿತ್ತು. ಅಮೆರಿಕದ ಫೆಸ್ಕ್ಯೂ ಹುಲ್ಲು ಮೇಯ್ದ ದನಗಳು ಕಾಯಿಲೆ ಬೀಳುವುದಕ್ಕೆ ಹುಲ್ಲಿನೊಳಗೆ ಸದ್ದಿಲ್ಲದೆ ಬದುಕಿ ಬೀಜದ ಮೂಲಕ ಪೀಳಿಗೆಯಿಂದ ಪೀಳಿಗೆಗೆ ಸಾಗುವ ಶಿಲೀಂಧ್ರವೇ ಕಾರಣವೆಂದು 1977ರಿಂದ ಗೊತ್ತಾಗುತ್ತ ಬಂದಿತ್ತು. ಹುಲ್ಲಿನಲ್ಲಿ ಆದದ್ದು ಬಳ್ಳಿಯಲ್ಲಿ ಏಕಾಗಿರಬಾರದು ಎಂದು ಕೇಳುವವರು ಬೇಕಾಗಿತ್ತು.

ಬಾನ್‌ನ ಹಸಿರುಮನೆ

ಬಾನ್ ವಿಶ್ವವಿದ್ಯಾಲಯದ ಎಕ್‌ಹಾರ್ಡ್ ಲೈಸ್ಟ್ನರ್, ಉಲ್ರಿಕೆ ಸ್ಟೈನರ್ ಮತ್ತು ಅವರ ಸಹೋದ್ಯೋಗಿಗಳು ಆಯ್ದುಕೊಂಡ ಬಳ್ಳಿ ಐಪೋಮಿಯಾ ಅಸಾರಿಫೋಲಿಯಾ. ಅವರು ಮಾಡಿದ ಪ್ರಯೋಗ ರೈತನೊಬ್ಬ ಹೊಲದಲ್ಲಿ ಮಾಡುವ ಕೆಲಸಕ್ಕಿಂತ ಬೇರೆಯಲ್ಲ: ಗಿಡದ ಮೈಯೊಳಗೆ ಹರಡುವ ಅಂತರ್ವ್ಯಾಪಿ ಶಿಲೀಂಧ್ರನಾಶಕವನ್ನು ಪ್ರಯೋಗಿಸಿ, ಏನಾಗುತ್ತದೆಂದು ಕಾದು ನೋಡುವುದು. ಔಷಧಿ ಬಿದ್ದ ಗಿಡಗಳು ಬದುಕಿ ಬೆಳೆದವು. ಎಲೆಯ ಮೇಲಿನ ಶಿಲೀಂಧ್ರ ಕಾಣೆಯಾಯಿತು. ಅದರೊಂದಿಗೆ ಎರ್ಗಟ್ ಆಲ್ಕಲಾಯ್ಡ್‌ಗಳೂ ಕಾಣೆಯಾದವು. ಈ ಫಲಿತಾಂಶ 2004ರಲ್ಲಿ ಪ್ರಕಟವಾಯಿತು.

ಪ್ರಯೋಗದ ಸರಳತೆ ಮೆಚ್ಚುವಂಥದ್ದು. ಆದರೆ ಅದೊಂದರಿಂದಲೇ ಪ್ರಕರಣ ಮುಗಿಯಲಿಲ್ಲ, ಮುಗಿಯಲೂ ಬಾರದು. ಶಿಲೀಂಧ್ರನಾಶಕವೂ ಒಂದು ರಾಸಾಯನಿಕವೇ. ಅದು ಶಿಲೀಂಧ್ರವನ್ನು ಕೊಲ್ಲುವುದರ ಜೊತೆಗೆ ಗಿಡದ ಯಾವುದೋ ಕಿಣ್ವವನ್ನೂ ತಡೆದು, ಆ ಕಾರಣದಿಂದ ಆಲ್ಕಲಾಯ್ಡ್ ನಿಂತುಹೋಗಿರಬಹುದಲ್ಲ ಎಂಬ ಆಕ್ಷೇಪಕ್ಕೆ ಉತ್ತರ ಬೇಕು. ಇನ್ನೂ ಮುಖ್ಯವಾಗಿ, ಗಿಡದಲ್ಲಿದ್ದ ಶಿಲೀಂಧ್ರಗಳಲ್ಲಿ ಯಾವುದು ಆಲ್ಕಲಾಯ್ಡ್‌ಗೆ ಕಾರಣವೆಂದು ಹೇಳಬೇಕು. ಏಕೆಂದರೆ ಆ ಗಿಡದಲ್ಲಿ ಇದ್ದದ್ದು ಒಂದು ಶಿಲೀಂಧ್ರವಲ್ಲ.

2006ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನದಲ್ಲಿ ಇದೇ ತಂಡ ಐಪೋಮಿಯಾ ಅಸಾರಿಫೋಲಿಯಾದಿಂದ 12 ಎಂಡೋಫೈಟ್‌ಗಳನ್ನು, ಅಂದರೆ ಅಂಗಾಂಶದ ಒಳಗೆ ನೆಲೆಸಿದ ಶಿಲೀಂಧ್ರಗಳನ್ನು, ಮತ್ತು ಎಲೆಯ ಹೊರಮೈಯಲ್ಲಿ ನೆಲೆಸಿದ ಒಂದು ಶಿಲೀಂಧ್ರವನ್ನು ಪಡೆದು, ಪ್ರತಿಯೊಂದರ ವಂಶಾವಳಿಯನ್ನು ಡಿಎನ್‌ಎ ಓದಿ ಪರೀಕ್ಷಿಸಿತು. ಒಳಗಿನ ಹನ್ನೆರಡರಲ್ಲಿ ಒಂದೂ ಎರ್ಗಟ್‌ನ ಕುಟುಂಬಕ್ಕೆ ಸೇರಿರಲಿಲ್ಲ. ಅವು ಆಲ್ಕಲಾಯ್ಡ್‌ಗೆ ಕಾರಣ ಎನ್ನಲು ಪೋಷಕ ಮಾಧ್ಯಮದಲ್ಲಿ ಬೆಳೆಸಿದಾಗಲೂ ಗಿಡದ ಮೇಲೆ ಬೆಳೆಸಿದಾಗಲೂ ಪುರಾವೆ ಸಿಗಲಿಲ್ಲ. ಹೊರಮೈಯಲ್ಲಿದ್ದ ಆ ಒಂದು ಮಾತ್ರ ಕ್ಲಾವಿಸಿಪಿಟೇಸೀ ಕುಟುಂಬದ್ದು. ಅದು ಬೀಜದ ಮೂಲಕ ಮುಂದಿನ ಪೀಳಿಗೆಗೆ ಸಾಗುತ್ತದೆ. ಆದರೆ ಗಿಡದಿಂದ ಬೇರ್ಪಡಿಸಿ ಪ್ರಯೋಗಾಲಯದಲ್ಲಿ ಬೆಳೆಸಲು ಮಾಡಿದ ಪ್ರಯತ್ನಗಳಿಗೆ ಒಗ್ಗಲಿಲ್ಲ.

ನನ್ನ ಮಟ್ಟಿಗೆ ಇಡೀ ಪ್ರಕರಣದ ಜೀವಾಳ ಇರುವುದು ಇಲ್ಲಿ. ತಟ್ಟೆಯಲ್ಲಿ ಸಲೀಸಾಗಿ ಬೆಳೆದ ಹನ್ನೆರಡೂ ಈ ಆಲ್ಕಲಾಯ್ಡ್‌ನ ಮಟ್ಟಿಗೆ ನಿರ್ದೋಷಿಗಳು. ಕಾರಣವಾದದ್ದು ತಟ್ಟೆಯಲ್ಲಿ ಬೆಳೆಯಲು ಒಪ್ಪದ ಹದಿಮೂರನೆಯದು. ಔಷಧೀಯ ಸಸ್ಯಗಳ ಶಿಲೀಂಧ್ರಗಳನ್ನು ಕುರಿತ ಬಹುಪಾಲು ಅಧ್ಯಯನಗಳು ಹೇಗೆ ನಡೆಯುತ್ತವೆ ಎಂಬುದನ್ನು ಬಲ್ಲವರಿಗೆ ಇದರ ಮಹತ್ವ ತಕ್ಷಣ ಹೊಳೆಯುತ್ತದೆ. ಎಲೆಯನ್ನು ಹರಿವ ನೀರಿನಲ್ಲಿ ತೊಳೆದು, ಮದ್ಯಸಾರದಲ್ಲಿ ಅದ್ದಿ, ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಕೆಲವು ನಿಮಿಷ ಇರಿಸಿ, ಮತ್ತೆ ಶುದ್ಧ ನೀರಿನಲ್ಲಿ ಜಾಲಿಸಿ, ಸಣ್ಣ ಚೂರುಗಳಾಗಿ ಕತ್ತರಿಸಿ, ಆಲೂಗಡ್ಡೆ ಸಾರದ ಅಗರ್ ಮೇಲೆ ಇಡುವುದು ರೂಢಿಯ ವಿಧಾನ. ಹೊರಮೈಯ ಧೂಳು, ಗಾಳಿಯಿಂದ ಬಿದ್ದ ಬೀಜಾಣುಗಳು ಒಳಗಿನ ನಿವಾಸಿಗಳೊಂದಿಗೆ ಬೆರೆಯಬಾರದೆಂಬುದು ಇದರ ಉದ್ದೇಶ, ಮತ್ತು ಆ ಉದ್ದೇಶ ಸರಿಯೇ. ಆದರೆ ಬಾನ್‌ನ ಬಳ್ಳಿಯಲ್ಲಿ ಆಲ್ಕಲಾಯ್ಡ್ ತಯಾರಿಸುತ್ತಿದ್ದ ಜೀವಿ ಇದ್ದದ್ದು ಈ ದ್ರಾವಣಗಳು ಸೋಕುವ ಹೊರಮೈಯಲ್ಲಿ. ರೂಢಿಯ ವಿಧಾನವನ್ನು ಚಾಚೂ ತಪ್ಪದೆ ಪಾಲಿಸಿದರೆ ಬೇಕಾದ ಜೀವಿ ಮೊದಲ ಹತ್ತು ನಿಮಿಷದಲ್ಲೇ ಕೈಬಿಟ್ಟುಹೋಗುತ್ತದೆ. ಉಳಿದವುಗಳ ಪಟ್ಟಿ ಎಷ್ಟೇ ಉದ್ದವಾಗಿದ್ದರೂ ಅದರ ಹೆಸರು ಅದರಲ್ಲಿರುವುದಿಲ್ಲ.

ಜೀನ್ ಹೇಳಿದ ಸಾಕ್ಷ್ಯ

ಶಿಲೀಂಧ್ರನಾಶಕದ ಪ್ರಯೋಗಕ್ಕೆ ಬರಬಹುದಾದ ಆಕ್ಷೇಪಕ್ಕೆ ಉತ್ತರ 2008ರಲ್ಲಿ ಬಂದಿತು. ಎರ್ಗಟ್ ಆಲ್ಕಲಾಯ್ಡ್ ಸರಣಿಯ ಮೊದಲ ನಿರ್ಣಾಯಕ ಹೆಜ್ಜೆಯನ್ನು, ಅಂದರೆ ಟ್ರಿಪ್ಟೊಫಾನ್‌ಗೆ ಐದು ಇಂಗಾಲದ ತುಣುಕು ಜೋಡಿಸುವ ಕೆಲಸವನ್ನು, ಮಾಡುವ ಕಿಣ್ವದ ಜೀನ್‌ಗೆ ಡಿಎಂಎಡಬ್ಲ್ಯು ಎಂದು ಹೆಸರು. ಆ ಜೀನ್ ಎಲೆಯ ಮೇಲಿನ ಶಿಲೀಂಧ್ರದಲ್ಲಿ ಇತ್ತು, ಒಂಟಿಯಾಗಿ ಅಲ್ಲ, ಆಲ್ಕಲಾಯ್ಡ್ ತಯಾರಿಕೆಗೆ ಸಂಬಂಧಿಸಿದ ಜೀನ್‌ಗಳ ಗುಂಪಿನಲ್ಲಿ. ತಂಡ ಅದನ್ನು ಯೀಸ್ಟ್ ಕೋಶಕ್ಕೆ ಸೇರಿಸಿ, ಅದು ತಯಾರಿಸಿದ ಪ್ರೋಟೀನನ್ನು ಶುದ್ಧೀಕರಿಸಿ, ಅದರ ಗುಣಲಕ್ಷಣಗಳನ್ನು ದಾಖಲಿಸಿತು. ಐಪೋಮಿಯಾ ಅಸಾರಿಫೋಲಿಯಾದಲ್ಲಾಗಲಿ ಟರ್ಬಿನಾ ಕೋರಿಂಬೋಸಾದಲ್ಲಾಗಲಿ ಬಳ್ಳಿಯ ಸ್ವಂತ ಅಂಗಾಂಶದಲ್ಲಿ ಆ ಜೀನ್ ಸಿಗಲಿಲ್ಲ, ತಯಾರಿಕೆಯ ಸಾಮರ್ಥ್ಯವೂ ಸಿಗಲಿಲ್ಲ. ಹೀಗೆ ಓಲೋಲಿಯುಕಿ ಬೀಜದ ಲೈಸರ್ಜಿಕ್ ಆಮ್ಲದ ಅಮೈಡ್ ಯಾರದೆಂಬ ಪ್ರಶ್ನೆ, ಹಾಫ್‌ಮನ್ ಅದನ್ನು ಪ್ರಕಟಿಸಿದ 48 ವರ್ಷಗಳ ನಂತರ, ಶಿಲೀಂಧ್ರದ ಪರವಾಗಿ ತೀರ್ಮಾನವಾಯಿತು.

ಆದರೆ ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ಈ ತೀರ್ಮಾನವನ್ನು ಅಷ್ಟಕ್ಕೇ ಬಿಡುವುದಿಲ್ಲ. ತಯಾರಿಸುವ ಜೀನ್ ಶಿಲೀಂಧ್ರದಲ್ಲಿದ್ದರೂ ತಯಾರಾದ ಆಲ್ಕಲಾಯ್ಡ್ ಶಿಲೀಂಧ್ರದಲ್ಲಿ ಪತ್ತೆಯಾಗಲಿಲ್ಲ. ಅದು ಹೆಚ್ಚುಕಡಿಮೆ ಪೂರ್ತಿಯಾಗಿ ಬಳ್ಳಿಯ ಅಂಗಾಂಶದಲ್ಲಿತ್ತು. ಎಂದರೆ ಎಲೆಯ ಮೇಲಿನ ಎಳೆಗಳಿಂದ ಬಳ್ಳಿಯ ಒಳಗೆ ವಸ್ತುವನ್ನು ಸಾಗಿಸುವ ಒಂದು ಏರ್ಪಾಡು ಇರಬಹುದು. ಮಾತ್ರವಲ್ಲ, ಈ ಶಿಲೀಂಧ್ರ ಆಲ್ಕಲಾಯ್ಡ್ ತಯಾರಿಸಬೇಕಾದರೆ ಬೇರು, ಕಾಂಡ, ಎಲೆಗಳಾಗಿ ಪೂರ್ಣ ರೂಪುಗೊಂಡ ಬಳ್ಳಿಯ ಆಸರೆ ಬೇಕು. ಹೀಗಿರುವಾಗ ಆಲ್ಕಲಾಯ್ಡ್ ಕೇವಲ ಶಿಲೀಂಧ್ರದ್ದು ಎಂದು ಬರೆಯುವುದೂ ಪೂರ್ತಿ ಸರಿಯಲ್ಲ. ಜೀನ್ ಒಬ್ಬರದು, ನೆಲೆ ಮತ್ತು ಉಗ್ರಾಣ ಇನ್ನೊಬ್ಬರದು. ಬಳ್ಳಿ ಮತ್ತು ಶಿಲೀಂಧ್ರ ಎರಡೂ ಕೂಡಿದ ಘಟಕವೇ ಔಷಧೀಯ ವಸ್ತುವಿನ ಮೂಲ ಎಂಬುದು ಈ ಪ್ರಕರಣದಿಂದ ನಾನು ಕಂಡುಕೊಂಡ ಅರ್ಥ.

ಗ್ರಂಥಿಯ ಸುತ್ತಮುತ್ತ

2011ರಲ್ಲಿ ಈ ಶಿಲೀಂಧ್ರಕ್ಕೆ ಹೊಸ ಕುಲವನ್ನೇ ಸ್ಥಾಪಿಸಿ ಪೆರಿಗ್ಲಾಂಡ್ಯುಲಾ ಎಂದು ಹೆಸರಿಡಲಾಯಿತು. ಐಪೋಮಿಯಾ ಅಸಾರಿಫೋಲಿಯಾದ ಮೇಲಿನದು ಪೆರಿಗ್ಲಾಂಡ್ಯುಲಾ ಐಪೋಮಿಯೇ, ಓಲೋಲಿಯುಕಿಯ ಮೇಲಿನದು ಪೆರಿಗ್ಲಾಂಡ್ಯುಲಾ ಟರ್ಬಿನೇ. ಗ್ರಂಥಿಯ ಸುತ್ತ ಇರುವುದು ಎಂಬ ಅರ್ಥದ ಈ ಹೆಸರು ಅದರ ವಾಸಸ್ಥಾನವನ್ನು ಕರಾರುವಾಕ್ಕಾಗಿ ಹೇಳುತ್ತದೆ.

ಎಳೆಯ ಎಲೆ ಮೊಗ್ಗಿನಲ್ಲಿರುವಾಗ ಅದರ ಮೇಲ್ಭಾಗ ಒಳಮುಖವಾಗಿ, ನಡುನರದ ಗುಂಟ ಎರಡು ಮಡಿಕೆಯಾಗಿ ಮುಚ್ಚಿಕೊಂಡಿರುತ್ತದೆ. ಆ ಮಡಿಕೆಯ ಒಳಗೆ, ಬಿಸಿಲಿಗೂ ಮಳೆಗೂ ತೆರೆದುಕೊಳ್ಳದ ಜಾಗದಲ್ಲಿ, ಶಿಲೀಂಧ್ರ ಬಿಳಿಯ ತೆಳುಪದರವಾಗಿ ಹಬ್ಬಿರುತ್ತದೆ. ಎಲೆಯ ಮೇಲ್ಮೈಯಲ್ಲಿ ಗುರಾಣಿಯಂಥ ತಲೆಯುಳ್ಳ ಸೂಕ್ಷ್ಮ ಗ್ರಂಥಿಗಳಿವೆ. ಅವು ಸುಗಂಧ ತೈಲವನ್ನು ಒಸರುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆಗಳು ಆ ಗ್ರಂಥಿಗಳ ಸುತ್ತ ಒತ್ತಾಗಿ ಹೆಣೆದುಕೊಂಡಿರುವುದು ಕಾಣುತ್ತದೆ. ಎಳೆಗಳು ಎಲೆಯ ಹೊರಚರ್ಮವನ್ನು ಭೇದಿಸಿ ಒಳನುಗ್ಗಿದ್ದು ಕಂಡುಬಂದಿಲ್ಲ. ಹಾಗಿದ್ದ ಮೇಲೆ ಬಳ್ಳಿಗೂ ಶಿಲೀಂಧ್ರಕ್ಕೂ ನಡುವೆ ನಡೆಯುವ ಕೊಡುಕೊಳ್ಳುವಿಕೆಗೆ ಈ ಗ್ರಂಥಿಗಳೇ ಬಾಗಿಲಾಗಿರಬೇಕೆಂದು ಬಾನ್‌ನ ಸಂಶೋಧಕರು 2015ರ ಪ್ರಬಂಧವೊಂದರಲ್ಲಿ ವಾದಿಸಿದ್ದಾರೆ: ಗ್ರಂಥಿಯ ತೈಲ ಶಿಲೀಂಧ್ರಕ್ಕೆ ಪೋಷಣೆಯ ಮೂಲವಾಗಬಹುದು, ಶಿಲೀಂಧ್ರದ ಆಲ್ಕಲಾಯ್ಡ್ ಅದೇ ದಾರಿಯಿಂದ ಒಳಗೆ ಹೋಗಬಹುದು. ಶಿಲೀಂಧ್ರದಲ್ಲಿ ಬೀಜಾಣು ಹುಟ್ಟಿಸುವ ಅಂಗಗಳು ಕಂಡುಬಂದಿಲ್ಲ. ಬೇರೆ ಗಿಡಕ್ಕೆ ಹಾರಿ ಹೋಗುವ ದಾರಿ ಹೀಗೆ ಕಾಣದಿರುವಾಗ ಅದರ ಮುಂದುವರಿಕೆ ತಾಯಿ ಬಳ್ಳಿಯ ಬೀಜವನ್ನು ಅವಲಂಬಿಸಿದೆ.

ಬಳ್ಳಿಗೆ ಇದರಿಂದ ಏನು ಲಾಭ? ಎರ್ಗಟ್ ಆಲ್ಕಲಾಯ್ಡ್‌ಗಳು ಪ್ರಾಣಿಗಳ ನರಮಂಡಲವನ್ನೂ ರಕ್ತನಾಳಗಳನ್ನೂ ಬಾಧಿಸುವ ವಸ್ತುಗಳಾದ್ದರಿಂದ ಬೀಜ ಮತ್ತು ಸಸಿಯನ್ನು ತಿನ್ನುವ ಜೀವಿಗಳ ವಿರುದ್ಧ ರಕ್ಷಣೆಯೆಂದು ಊಹಿಸುವುದು ಸಹಜ. 2021ರಲ್ಲಿ ಪ್ರಕಟವಾದ ವ್ಯಾಪಕ ಸಮೀಕ್ಷೆಯೊಂದು ಇದಕ್ಕೆ ಬಲ ಕೊಟ್ಟಿತು. ಈ ಆಲ್ಕಲಾಯ್ಡ್‌ಗಳು ಮಾರ್ನಿಂಗ್ ಗ್ಲೋರಿ ಬಳಗದ ನಾಲ್ಕು ವಂಶಶಾಖೆಗಳಲ್ಲಿ ಕೇಂದ್ರೀಕೃತವಾಗಿವೆ. ಸಣ್ಣ ಬೀಜದ ಪ್ರಭೇದಗಳಿಗಿಂತ ದೊಡ್ಡ ಬೀಜದ ಪ್ರಭೇದಗಳಲ್ಲಿ ಹೆಚ್ಚು ಕಾಣುತ್ತವೆ. ಶಿಲೀಂಧ್ರವಿರುವ ಪ್ರಭೇದಗಳಲ್ಲಿ ಬೀಜ ದೊಡ್ಡದಾದಷ್ಟೂ ಆಲ್ಕಲಾಯ್ಡ್‌ನ ಸಾಂದ್ರತೆಯೂ ಹೆಚ್ಚು. ಶಿಲೀಂಧ್ರ ತಯಾರಿಸುವುದು ಎರ್ಗಟ್ ಆಲ್ಕಲಾಯ್ಡ್‌ಗಳನ್ನು ಮಾತ್ರವೂ ಅಲ್ಲ. ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಐಪೋಮಿಯಾ ಅಸಾರಿಫೋಲಿಯಾ ಮೇಯ್ದ ಕುರಿ, ಮೇಕೆಗಳಿಗೆ ನಡುಕ ಹತ್ತುವುದು ಪಶುವೈದ್ಯರಿಗೆ ಗೊತ್ತಿರುವ ಸಂಗತಿ. ಆ ಬಳ್ಳಿಯಲ್ಲಿ ಇಂಡೋಲ್ ಡೈಟರ್ಪೀನ್ ಎಂಬ ನಡುಕ ಹುಟ್ಟಿಸುವ ವಸ್ತುಗಳೂ ಪತ್ತೆಯಾಗಿವೆ, ಅವುಗಳ ತಯಾರಿಕೆಗೆ ಬೇಕಾದ ಜೀನ್‌ಗಳು ಪೆರಿಗ್ಲಾಂಡ್ಯುಲಾದಲ್ಲಿವೆ.

ಪುರಾವೆಯ ಅಳತೆಗೋಲು

ಸಸ್ಯದ ವಸ್ತುವನ್ನು ಶಿಲೀಂಧ್ರದ್ದೆಂದು ಹೇಳಿದ ಎಲ್ಲ ಪ್ರಕರಣಗಳೂ ಹೀಗೆ ಗಟ್ಟಿಯಾಗಿ ನಿಂತಿಲ್ಲ. 1993ರಲ್ಲಿ ಅಮೆರಿಕದ ಪೆಸಿಫಿಕ್ ಯೂ ಮರದ ಒಳತೊಗಟೆಯಿಂದ ಪಡೆದ ಟ್ಯಾಕ್ಸೋಮೈಸಿಸ್ ಆಂಡ್ರಿಯಾನೇ ಎಂಬ ಶಿಲೀಂಧ್ರ ಕ್ಯಾನ್ಸರ್ ಔಷಧಿ ಟ್ಯಾಕ್ಸಾಲನ್ನು ತಾನೇ ತಯಾರಿಸುತ್ತದೆ ಎಂಬ ವರದಿ ಜಗತ್ತಿನಾದ್ಯಂತ ಭಾರೀ ನಿರೀಕ್ಷೆ ಹುಟ್ಟಿಸಿತು. ಅಲ್ಲಿ ಸಿಕ್ಕ ಪ್ರಮಾಣ ಲೀಟರಿಗೆ ನ್ಯಾನೋಗ್ರಾಂಗಳಷ್ಟು. ಎರಡು ದಶಕಗಳ ನಂತರ, 2013ರಲ್ಲಿ, ಜರ್ಮನಿಯ ಇನ್ನೊಂದು ತಂಡ ಇಂಥ ಶಿಲೀಂಧ್ರಗಳನ್ನು ಜೀನ್ ಮಟ್ಟದಲ್ಲಿ ಪರೀಕ್ಷಿಸಿದಾಗ ಸ್ವತಂತ್ರ ತಯಾರಿಕೆಗೆ ಆಧಾರ ದೊರೆಯಲಿಲ್ಲ. ಪೋಷಕ ದ್ರವದಲ್ಲಿ ಒಂದು ವಸ್ತು ಸಿಕ್ಕಿತು ಎಂಬುದು ಮೊದಲ ಸುಳಿವು ಮಾತ್ರ. ಬಾನ್‌ನ ಪ್ರಕರಣದಲ್ಲಿ ಶಿಲೀಂಧ್ರ ತೆಗೆದರೆ ವಸ್ತು ಹೋಗುತ್ತದೆ ಎಂಬುದೂ, ಜೀನ್ ಶಿಲೀಂಧ್ರದಲ್ಲಿದೆ ಎಂಬುದೂ, ಬಳ್ಳಿಯಲ್ಲಿ ಆ ಜೀನ್ ಇಲ್ಲ ಎಂಬುದೂ, ಆ ಜೀನ್‌ನ ಪ್ರೋಟೀನ್ ನಿಜಕ್ಕೂ ಆ ಕೆಲಸ ಮಾಡುತ್ತದೆ ಎಂಬುದೂ ಬೇರೆ ಬೇರೆ ದಾರಿಯಿಂದ ಬಂದು ಒಂದೇ ಕಡೆ ಸೇರಿದವು. ಗಿಡದ ಔಷಧವನ್ನು ಶಿಲೀಂಧ್ರದಿಂದ ಲೀಟರುಗಟ್ಟಲೆ ತಯಾರಿಸುವ ಕನಸು ಎಷ್ಟೇ ಆಕರ್ಷಕವಾಗಿದ್ದರೂ ಇಷ್ಟು ಪುರಾವೆಗೆ ಕಡಿಮೆಯಾದುದನ್ನು ಸಾಬೀತೆಂದು ಕರೆಯಬಾರದು ಎಂದೇ ನನ್ನ ದೃಢ ಅಭಿಪ್ರಾಯ.

ನಮ್ಮ ಬಳ್ಳಿಗಳು

ಆಯುರ್ವೇದದಲ್ಲಿ ವೃದ್ಧದಾರು ಎಂದು ಪ್ರಸಿದ್ಧವಾದ ಆರ್ಜೀರಿಯಾ ನರ್ವೋಸಾ ಭಾರತ ಉಪಖಂಡದ ಮೂಲದ್ದು. ಅಗಲವಾದ ಹೃದಯಾಕಾರದ ಎಲೆ, ಎಲೆಯ ಅಡಿಯಲ್ಲಿ ಬೆಳ್ಳಿಯ ಬಣ್ಣದ ರೇಷ್ಮೆಯಂಥ ರೋಮ, ನಸುನೇರಳೆ ಕಹಳೆ ಹೂವು ಇದರ ಗುರುತು. 1965ರ ವರದಿಯಲ್ಲಿ ಎರ್ಗಟ್ ಆಲ್ಕಲಾಯ್ಡ್ ಕಂಡ ವುಡ್‌ರೋಸ್ ಬಳ್ಳಿಗಳಲ್ಲಿ ಇದೂ ಒಂದು. ವೈದ್ಯರು ಮುಖ್ಯವಾಗಿ ಬಳಸುವುದು ಇದರ ಬೇರನ್ನು. ಆಲ್ಕಲಾಯ್ಡ್ ದಟ್ಟವಾಗಿರುವುದು ಬೀಜದಲ್ಲಿ, ಆ ಬೀಜವನ್ನು ಅಮಲಿಗಾಗಿ ತಿಂದು ವಾಂತಿ, ಭ್ರಮೆ, ರಕ್ತನಾಳದ ಸಂಕೋಚನಕ್ಕೆ ತುತ್ತಾಗುವ ಅಪಾಯ ನಿಜವಾದದ್ದು. ಔಷಧಿವನ ಬೆಳೆಸುವವರಿಗೆ ಇಲ್ಲಿ ಒಂದು ಪ್ರಾಯೋಗಿಕ ಪ್ರಶ್ನೆ ಏಳುತ್ತದೆ. ಬೀಜದಿಂದ ಬೆಳೆಸಿದ ಬಳ್ಳಿ, ಅಂಗಾಂಶ ಕೃಷಿಯಿಂದ ಬೆಳೆಸಿದ ಬಳ್ಳಿ, ಎಲೆಚುಕ್ಕೆ ರೋಗಕ್ಕೆಂದು ಅಂತರ್ವ್ಯಾಪಿ ಶಿಲೀಂಧ್ರನಾಶಕ ಸಿಂಪಡಿಸಿದ ಬಳ್ಳಿ, ಈ ಮೂರೂ ಸಸ್ಯವಿಜ್ಞಾನದ ಹೆಸರಿನಲ್ಲಿ ಒಂದೇ ಆದರೂ ಬಾನ್‌ನ ಫಲಿತಾಂಶದ ಬೆಳಕಿನಲ್ಲಿ ರಾಸಾಯನಿಕವಾಗಿ ಒಂದೇ ಎಂದು ಪರೀಕ್ಷಿಸದೆ ಹೇಳಲಾಗದು. ಗುಣಮಟ್ಟದ ಪರೀಕ್ಷೆಯ ಕಾಗದದಲ್ಲಿ ಸಸ್ಯದ ಹೆಸರಿನ ಪಕ್ಕ ಅದನ್ನು ಬೆಳೆಸಿದ ರೀತಿಯೂ ದಾಖಲಾಗಬೇಕು.

ಇನ್ನೊಂದು ಬಂಧು ಎಲ್ಲರ ಕಣ್ಣಿಗೂ ಬೀಳುವಂಥದ್ದು. ಕೆರೆಯಂಚಿನಲ್ಲಿ, ಚರಂಡಿ ಪಕ್ಕದಲ್ಲಿ, ದನ ಬಾಯಿ ಹಾಕದ ಬೇಲಿಯಾಗಿ ಬೆಳೆಯುವ ಐಪೋಮಿಯಾ ಕಾರ್ನಿಯಾ ದಕ್ಷಿಣ ಅಮೆರಿಕದಿಂದ ಬಂದು ಇಲ್ಲಿ ಬೇರುಬಿಟ್ಟ ಗಿಡ. ಬೇರೆ ಮೇವಿಲ್ಲದೆ ಇದನ್ನೇ ಮೇಯ್ದ ಮೇಕೆಗಳಿಗೆ ನರದೌರ್ಬಲ್ಯ ತರುವ ಸ್ವೈನ್ಸೊನೀನ್ ಎಂಬ ಆಲ್ಕಲಾಯ್ಡ್ ಕೂಡ ಗಿಡದ್ದಲ್ಲ. ಕೀಟೋಥೈರಿಯೇಲೀಸ್ ಗಣದ, ಅಂದರೆ ಪೆರಿಗ್ಲಾಂಡ್ಯುಲಾಗೆ ದೂರವಾದ ಬೇರೊಂದು ಶಿಲೀಂಧ್ರ ಅದನ್ನು ತಯಾರಿಸುತ್ತದೆಂದು 2013ರಲ್ಲಿ ಪ್ರಕಟವಾಯಿತು. ಶಿಲೀಂಧ್ರನಾಶಕದಿಂದ ಉಪಚರಿಸಿದ ಬೀಜದಿಂದ ಬೆಳೆದ ಗಿಡಗಳಲ್ಲಿ ಸ್ವೈನ್ಸೊನೀನ್ ಇರಲಿಲ್ಲ. ಗಿಡದ್ದೇ ಆದ ಕ್ಯಾಲಿಸ್ಟೆಜೀನ್ ಎಂಬ ಆಲ್ಕಲಾಯ್ಡ್‌ಗಳು ಮಾತ್ರ ಮೊದಲಿನಷ್ಟೇ ಇದ್ದವು. ಒಂದೇ ಗಿಡದಲ್ಲಿ ಯಾವುದು ಯಾರದು ಎಂದು ಇಷ್ಟು ಸ್ಪಷ್ಟವಾಗಿ ಬೇರ್ಪಡುವುದು ಅಪರೂಪ.

ಕರ್ನಾಟಕದಲ್ಲಿ ಔಷಧೀಯ ಸಸ್ಯಗಳ ಶಿಲೀಂಧ್ರಗಳ ಅಧ್ಯಯನಕ್ಕೆ ಒಳ್ಳೆಯ ಪರಂಪರೆಯಿದೆ. ಕುದುರೆಮುಖ ಶ್ರೇಣಿಯ ಐದು ಔಷಧೀಯ ಸಸ್ಯಗಳ ಎಂಡೋಫೈಟ್‌ಗಳ ವರದಿ 2005ರಲ್ಲಿ ಬಂದಿದೆ; ಮಲೆನಾಡಿನ ಔಷಧೀಯ ಗಿಡ, ಪೊದೆಗಳ ಶಿಲೀಂಧ್ರಗಳನ್ನು ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪಟ್ಟಿಮಾಡಿದ್ದಾರೆ. ಯಾವ ಎಲೆಯಲ್ಲಿ ಏನೇನು ವಾಸವಾಗಿದೆ ಎಂಬ ಈ ದಾಖಲೆಗಳು ಇಲ್ಲದಿದ್ದರೆ ಮುಂದಿನ ಕೆಲಸಕ್ಕೆ ತಳಹದಿಯೇ ಇರುತ್ತಿರಲಿಲ್ಲ. ಇವುಗಳ ಜೊತೆಗೆ, ವೃದ್ಧದಾರುವಿನಂಥ ಬಳ್ಳಿಯಲ್ಲಿ ಅರಳದ ಎಲೆಮೊಗ್ಗನ್ನು ತೊಳೆಯದೆ ಬಿಡಿಸಿ, ಒಳಮಡಿಕೆಯ ಮೇಲ್ಮೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಹೈಪೋಕ್ಲೋರೈಟ್ ಸೋಕುವ ಮೊದಲೇ ಅಲ್ಲಿಂದ ಡಿಎನ್‌ಎ ತೆಗೆದು ಓದುವ ಇನ್ನೊಂದು ಹೆಜ್ಜೆ ಬೇಕು. ಬೀಜದಿಂದಲೂ ಅದೇ ರೀತಿ ಡಿಎನ್‌ಎ ತೆಗೆಯಬೇಕು. ಇದಕ್ಕೆ ಬೇಕಾದ ಉಪಕರಣಗಳು ಇಂದು ನಮ್ಮ ಅನೇಕ ವಿಶ್ವವಿದ್ಯಾಲಯಗಳಲ್ಲಿವೆ.

ಎಲೆಯ ಮೇಲೆ ಬಿಳಿ ಪದರ ಕಾಣದಿದ್ದರೆ ಶಿಲೀಂಧ್ರ ಇಲ್ಲವೆಂದು ಬಗೆಯುವಂತೆಯೂ ಇಲ್ಲ. ಹಾಫ್‌ಮನ್ ಕಾಲದಿಂದ ಆಲ್ಕಲಾಯ್ಡ್ ಇದೆಯೆಂದು ತಿಳಿದಿದ್ದ ನೀಲಿ ಮಾರ್ನಿಂಗ್ ಗ್ಲೋರಿ, ಐಪೋಮಿಯಾ ಟ್ರೈಕಲರ್, ತನ್ನ ಶಿಲೀಂಧ್ರವನ್ನು ಬಹುಕಾಲ ಬಿಟ್ಟುಕೊಟ್ಟಿರಲಿಲ್ಲ. ಅದರ ಎಲೆಗಳ ಮೇಲೆ ಕಣ್ಣಿಗೆ ಕಾಣುವಂಥದ್ದೇನೂ ಇಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ಪನಾಚ್ಚೋನೆ ಅವರ ಪ್ರಯೋಗಾಲಯದ ವಿದ್ಯಾರ್ಥಿನಿ ಕೊರಿನ್ ಹೇಜಲ್, ಬೀಜದ ಸಿಪ್ಪೆಯಲ್ಲಿ ನವಿರಾದ ಎಳೆಗಳಂತಿದ್ದುದನ್ನು ಗಮನಿಸಿ, ಡಿಎನ್‌ಎ ಓದಿಸಿದಾಗ ಅದು ಪೆರಿಗ್ಲಾಂಡ್ಯುಲಾದ ಹೊಸ ಪ್ರಭೇದವೆಂದು ತಿಳಿದುಬಂದಿತು. 2025ರಲ್ಲಿ ಅದಕ್ಕೆ ಪೆರಿಗ್ಲಾಂಡ್ಯುಲಾ ಕ್ಲಾಂಡೆಸ್ಟಿನಾ ಎಂದು ಹೆಸರಾಯಿತು.